ಆಸಿಡ್ ಬಕೆಟ್ಟು, ಕಲಶದ ನೀರು

ಮೈಸೂರಿನಲ್ಲಿ ಒಂದು ದಿನದ ತರಬೇತಿ ಮುಗಿಸಿ ಬಂದ ಮೇಲೆ ಸುರಕ್ಷತೆಯ ವಿಷಯದಲ್ಲಿ ನನ್ನಷ್ಟು ತಿಳಿದವನು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ. ಹಾಗಂತ ನಾನೇ ಹೇಳಿಕೊಳ್ಳುತ್ತಿದ್ದೆ. ಬೇರೆ ಯಾರಿಗೂ ಆ ವಿಷಯದಲ್ಲಿ ಆಸಕ್ತಿ ಇರಲಿಲ್ಲ. ಅದು ತೊಂಬತ್ತಾರನೆಯ ಇಸವಿ. ಊಟಿ ರಸ್ತೆಯ ಪಕ್ಕ ಮಹದೇವಪ್ಪನವರು ಕಟ್ಟಿಸಿದ್ದ ರೆಸಾರ್ಟಿನಲ್ಲಿ ನಾನು ಸೂಪರ್‌ವೈಸರ್, ಮೂರು ವರ್ಷದಿಂದ ಟೆಂಪೊರರಿ. ಉಡಿಗಾಲದಲ್ಲಿ ನನಗೆ ಗೊತ್ತುಮಾಡಿದ್ದ ಹೆಣ್ಣಿನ ಅಪ್ಪ, ಕೆಲಸ ಕಾಯಂ ಆಗುವ ತನಕ ಲಗ್ನದ ಮಾತೇ ಬೇಡ ಎಂದು ಕೂತಿದ್ದರು. "ಈ ಸಲ ಈಜುಕೊಳ ತೊಳೆಸಿ ಮುಗಿಸು, ಆರ್ಡರ್ ಕೊಡ್ತೀನಿ" ಎಂದು ಧಣಿ ಮಾತು ಕೊಟ್ಟಿದ್ದರು.

ಈಜುಕೊಳವೆಂದರೆ ಒಳಗೆಲ್ಲ ಬಿಳಿ ಗಾರೆ ಬಳಿದ ದೊಡ್ಡ ತೊಟ್ಟಿ. ಮೂರು ತಿಂಗಳು ಕೇರಳದ ಪ್ರವಾಸಿಗಳು ಈಜುತ್ತಿದ್ದರು, ಉಳಿದ ಒಂಬತ್ತು ತಿಂಗಳು ಕಪ್ಪೆಗಳು. ನೀರು ಖಾಲಿ ಮಾಡಿದಾಗ ಗೋಡೆ ತುಂಬ ಪಾಚಿ, ಕಂದು ಕಲೆ. ಆಸಿಡ್ ಹಾಕದೆ ಹೋಗುವಂಥದ್ದಲ್ಲ.

ಕೆಲಸಕ್ಕೆ ಭೀಮನಬೀಡಿನಿಂದ ದೊಡ್ಡಮಾದಮ್ಮ ಮತ್ತು ಅವಳ ಮೈದುನ ಪುಟ್ಟಮಾದು ಬಂದರು. ನಾನು ತರಬೇತಿಯಲ್ಲಿ ಬರೆದುಕೊಂಡಿದ್ದ ನೋಟ್‌ಬುಕ್ ತೆರೆದು ಪಾಠ ಶುರುಮಾಡಿದೆ. ಗಂಬೂಟು, ಗ್ಲೌಸು, ಮಾಸ್ಕು ಯಾವ ಕಾರಣಕ್ಕೂ ಬಿಚ್ಚಕೂಡದು. ಆಸಿಡ್ಡಿನ ಹೊಗೆ ತಳದಲ್ಲೇ ಕೂರುತ್ತದೆ, ಆದ್ದರಿಂದ ಒಬ್ಬರು ಸದಾ ಮೇಲೆ ಹಗ್ಗ ಹಿಡಿದು ನಿಂತಿರಬೇಕು. ಎಲ್ಲಕ್ಕಿಂತ ಮುಖ್ಯ, ನೀರಿಗೆ ಆಸಿಡ್ ಹಾಕಬೇಕೇ ಹೊರತು ಆಸಿಡ್ಡಿಗೆ ನೀರು ಹಾಕಬಾರದು.

ಪುಟ್ಟಮಾದು ಆಕಳಿಸಿದ. ದೊಡ್ಡಮಾದಮ್ಮ ಮಾತ್ರ ತಲೆಯಾಡಿಸುತ್ತಾ ಕೇಳಿಸಿಕೊಂಡಳು.

"ಅಂದ್ರ ಕಾದ ಎಣ್ಣ ಬಾಂಡ್ಲಿ ಇದ್ದಂಗ ಅನ್ನಿ ಬುದ್ದಿ. ನೀರ್ ಬಿದ್ರ ಮೊಕಕ್ಕ ಎಗರ್ತದ."

ನನ್ನ ನೋಟ್‌ಬುಕ್ಕಿನಲ್ಲಿ ಬಾಂಡ್ಲಿಯ ಪ್ರಸ್ತಾಪ ಇರಲಿಲ್ಲ. "ಹಂಗೇ ಅನ್ಕೊ" ಎಂದೆ, ಸ್ವಲ್ಪ ಅಸಮಾಧಾನದಿಂದಲೇ.

ಎರಡು ದಿನ ಕೆಲಸ ಚೆನ್ನಾಗಿ ನಡೆಯಿತು. ಒಂದೊಂದೇ ಗೋಡೆಗೆ ನೀರು ಬೆರೆಸಿದ ಆಸಿಡ್ ಹಚ್ಚಿ, ಬ್ರಷ್ಷಿನಲ್ಲಿ ಉಜ್ಜಿ, ತಡಮಾಡದೆ ಪೈಪಿನಿಂದ ತೊಳೆದು, ಕೊನೆಗೆ ಆಸಿಡ್ಡಿನ ಖಾರ ಮುರಿಯಲು ಸೋಡಾ ಪುಡಿ ಕದಡಿದ ನೀರು ಚೆಲ್ಲುತ್ತಿದ್ದರು. ಗಾರೆ ಹೊಸದರಂತೆ ಬೆಳ್ಳಗಾಯಿತು. ಮೂರನೆಯ ದಿನ ಬೆಳಿಗ್ಗೆ ಧಣಿಯ ತಾಯಿ ಶಿವರುದ್ರಮ್ಮನವರು ಕಲಶ ಹಿಡಿದು ಮೆಟ್ಟಿಲಿಳಿದು ಬಂದರು.

"ಗಂಗವ್ವ ಇದ್ದ ಜಾಗ ಕಣಪ್ಪ ಇದು. ಪೂಜ ಮಾಡ್ದೇನೆ ಉಜ್ಜಕ ಸುರು ಮಾಡ್ಬುಟ್ರಾ? ಇವ್ರನ್ನ ಮ್ಯಾಕ್ ಕಳ್ಸು ಮೊದ್ಲು."

ಕೆಲಸದವರಿಬ್ಬರೂ ಮೇಲೆ ಹೋಗಿ ನಿಂತರು. ಪೂಜೆಯ ಹೊತ್ತಿನಲ್ಲಿ ಯಾರು ಎಲ್ಲಿ ನಿಲ್ಲಬೇಕೆಂಬುದು ನನ್ನ ನೋಟ್‌ಬುಕ್ಕಿನಲ್ಲಿರಲಿಲ್ಲ, ಆದರೆ ಆ ನಿಯಮ ಎಲ್ಲರಿಗೂ ಬಾಯಿಪಾಠವಾಗಿತ್ತು. ಆಮೇಲೆ ಅಮ್ಮಾವರ ಕಣ್ಣು ನನ್ನ ಗಂಬೂಟಿನ ಮೇಲೆ ಬಿತ್ತು. ಬಿಚ್ಚಿದೆ. ಮುಖ ಮುಚ್ಚಿಕೊಂಡು ಆರತಿ ತಟ್ಟೆ ಹಿಡಿಯುವುದು ಚೆನ್ನಾಗಿರುವುದಿಲ್ಲವೆಂದು ಮಾಸ್ಕನ್ನೂ ತೆಗೆದೆ.

ಪಕ್ಕದಲ್ಲೇ ನೀಲಿ ಬಕೆಟ್ ಇತ್ತು. ಅದರಲ್ಲಿದ್ದದ್ದು ನೀರು ಬೆರೆಸದ ಆಸಿಡ್. ಪದೇ ಪದೇ ಕ್ಯಾನ್ ಎತ್ತುವ ಕಷ್ಟ ಬೇಡವೆಂದು ನಾನೇ ಸುರಿದಿಟ್ಟಿದ್ದೆ. ಧೂಪದ ಹೊಗೆಯಲ್ಲಿ ಬಕೆಟ್ಟಿನ ಹೊಗೆ ಕಾಣಲಿಲ್ಲ. ಅಮ್ಮಾವರು ನಾಲ್ಕು ಮೂಲೆಗೂ ಕಲಶದ ನೀರು ಚಿಮುಕಿಸಿ, ಉಳಿದದ್ದನ್ನು ಹಿಡಿದು ಬಕೆಟ್ಟಿನ ಕಡೆಗೆ ತಿರುಗಿದರು. "ತೊಳ್ಯಾ ನೀರ್ಗೂ ಒಂದಿಷ್ಟ್ ಬೀಳ್ಲಿ."

"ಅವ್ವಾರೇ! ಅದ್ಕ ನೀರ್ ಹುಯ್ಬ್ಯಾಡಿ!" ಮೇಲಿನಿಂದ ದೊಡ್ಡಮಾದಮ್ಮ ಕೂಗಿದಳು.

"ಸುಮ್ಕಿರು! ಪೂಜ ಹೊತ್ನಲ್ಲಿ ಬ್ಯಾಡ ಅನ್ಬಾರ್ದು" ಎಂದು ಗದರಿಸಿದೆ. ತಾಲ್ಲೂಕಿನ ಸುರಕ್ಷತಾ ಪಂಡಿತ ಆಡಿದ ಮಾತು ಅದು.

ಬಕೆಟ್ ಬುಸ್ಸೆಂದಿತು. ನನ್ನ ಕಣ್ಣು ಕತ್ತಲಾಯಿತು, ಗಂಟಲು ಕಟ್ಟಿತು. ಆಮೇಲಿನದು ಪುಟ್ಟಮಾದು ಹೇಳಿದ್ದು: ಬೂಟು ಮಾಸ್ಕು ಬಿಚ್ಚದೆ ನಿಂತಿದ್ದ ದೊಡ್ಡಮಾದಮ್ಮ ಕೆಳಗಿಳಿದು ಅಮ್ಮಾವರನ್ನು ತಬ್ಬಿ ಎತ್ತಿ ಮೇಲೆ ತಂದಳು, ಮತ್ತೆ ಇಳಿದು ನನ್ನ ಕಂಕುಳಿಗೆ ಹಗ್ಗ ಕಟ್ಟಿದಳು, ಅವನು ಎಳೆದ. ಗ್ಲೌಸು ಮುಗಿಯುವ ಕಡೆ ಅವಳ ಮೊಳಕೈ ಸುಟ್ಟಿತ್ತು. ಅಮ್ಮಾವರು ಅಂದು ಎರಡು ಸಲ ಸ್ನಾನ ಮಾಡಿದರು. ಒಂದು ಆಸಿಡ್ಡಿಗೆ. ಇನ್ನೊಂದು ಯಾತಕ್ಕೆಂದು ನಾನು ಕೇಳಲಿಲ್ಲ.

ಸಂಜೆ ಧಣಿ ಕರೆಸಿದರು. "ಲೇಬರ್ ಆಫೀಸಿನೋರು ಕೇಳಿದ್ರೆ ತೋರಿಸೋಕೆ ಒಂದು ರಿಪೋರ್ಟ್ ಬೇಕು. ಅಮ್ಮನ ಹೆಸರು ಬರಕೂಡ್ದು. ನಿನ್ನ ಹೆಸರು ಬರಬೇಕೋ ಬ್ಯಾಡವೋ ನೀನೇ ನೋಡ್ಕೊ."

ನೋಡಿಕೊಂಡೆ. 'ದೊಡ್ಡಮಾದಮ್ಮ ಎಂಬ ಕೂಲಿಯಾಳು ಸೂಚನೆ ಮೀರಿ ಆಸಿಡ್ಡಿಗೆ ನೀರು ಸುರಿದ ಕಾರಣ' ಎಂದು ದುಂಡಗೆ ಬರೆದೆ. ಹೆಬ್ಬೆಟ್ಟು ಒತ್ತಿಸಲು ಇಂಕಿನ ಪ್ಯಾಡ್ ಹಿಡಿದು ಹೋದಾಗ ಅವಳು ಕೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು.

"ಏನಂತ ಬರ್ದಿದ್ದರಿ ಬುದ್ದಿ?"

"ನಡೆದದ್ದು."

"ನನ್ ಎಸ್ರೂ ಅದಾ?"

"ನಿನ್ನ ಹೆಸರೇ ಮೊದಲು."

ಅವಳ ಮುಖ ಅರಳಿತು. ಗಟ್ಟಿಯಾಗಿ ಒತ್ತಿದಳು.

ನನಗೆ ಆರ್ಡರ್ ಬಂತು, ಲಗ್ನವೂ ಆಯಿತು. ಸೂಚನೆ ಮೀರುವ ಆಳನ್ನು ಮತ್ತೆ ಕರೆಯಬಾರದೆಂದು ಧಣಿ ಹೇಳಿದರು, ನಾನು ಕರೆಯಲಿಲ್ಲ. ಮರುವರ್ಷ ಬೇಗೂರಿನ ಬಸ್ ಸ್ಟಾಪಿನಲ್ಲಿ ಹೆಂಡತಿಯ ಜೊತೆ ನಿಂತಿದ್ದಾಗ ದೊಡ್ಡಮಾದಮ್ಮ ಮೊಮ್ಮಗಳ ಕೈ ಹಿಡಿದು ಎದುರಿಗೇ ಬಂದಳು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ.

"ಇವ್ರೇ ಕಣಮ್ಮಿ, ನಾನ್ ಮಾಡುದ್ನ ಕಾಗ್ದದಲ್ಲಿ ಬರ್ದೋರು" ಎಂದು ಮಗುವಿಗೆ ತೋರಿಸಿ, ನನ್ನ ಹೆಂಡತಿಯ ಮುಂದೆ ಮೊಳಕೈಯ ಕಲೆಯನ್ನು ಒಡವೆಯಂತೆ ಹಿಡಿದಳು. ನಾಚಿಕೆಯಿಂದ ನನ್ನ ಮೈ ಹಿಡಿಯಾಯಿತು. ಬಸ್ಸು ಬಂದಾಗ ಅವಳು ಮತ್ತೆ ತಿರುಗಿ ನಿಂತಳು. "ಈ ಸಲ ತೊಳ್ಯಾಕ ಬಂದೋರ್ಗೂ ಆ ಬಾಂಡ್ಲಿ ಇಸ್ಯ ಯೋಳಿ ಬುದ್ದಿ, ಮರೀಬ್ಯಾಡಿ."

ಮರೆತಿಲ್ಲ. ಪ್ರತಿ ವರ್ಷವೂ ಹೇಳುತ್ತೇನೆ. ಬಾಂಡ್ಲಿಯ ಮಾತು ಹೇಳಿದರೆ ಹೊಸಬರಿಗೆ ತಕ್ಷಣ ಅರ್ಥವಾಗುತ್ತದೆ. ಇನ್ನೂ ಚೆನ್ನಾಗಿ ಮನಸ್ಸಿಗೆ ನಾಟಲೆಂದು, ಸೂಚನೆ ಮೀರಿ ಆಸಿಡ್ಡಿಗೆ ನೀರು ಸುರಿದ ಭೀಮನಬೀಡಿನ ಹೆಂಗಸೊಬ್ಬಳ ಕಥೆಯನ್ನೂ ಹೇಳುತ್ತೇನೆ.