ಸತ್ತ ಹಳಿ ಮೇಲೆ ಬಿಳಿ ಬಟ್ಟೆ

ಇಸ್ತ್ರಿ ಅಕ್ಕ ಮಷೀನಿನ ಬಾಗಿಲು ತೆಗೆದ್ಲು, ಹಾಗೇ ಬಾಯಿ ತೆಕ್ಕೊಂಡು ನಿಂತ್ಬಿಟ್ಲು. ಒಳಗಿರೋ ಬಟ್ಟೆಯೆಲ್ಲ ಗುಲಾಬಿ ಬಣ್ಣ!

ಒಂದಲ್ಲ ಎರಡಲ್ಲ, ಇಡೀ ಲೋಡು. ಹಾಲಿನ ಹಾಗೆ ಬೆಳ್ಳಗಿರಬೇಕಾದ ಹೋಟೆಲಿನ ದಿಂಬಿನ ಕವರು, ಟವೆಲ್ಲು, ಬೆಡ್‌ಶೀಟು ಎಲ್ಲ ನಾಚ್ಕೊಂಡಿರೋ ತರ ಕೆಂಪಗಾಗಿ ಮುದುರಿಕೊಂಡಿವೆ.

"ಕಂಬ! ಏ ಕಂಬ! ಬಾ ಇಲ್ಲಿ, ನೋಡು ನಿನ್ನ ಪ್ರತಾಪಾನ!"

ಕಂಬ ಅಂದ್ರೆ ಅವಳ ಮೈದುನ. ತಲೆ ಬಗ್ಗಿಸದೆ ಯಾವ ಬಾಗಿಲೂ ದಾಟದಷ್ಟು ಉದ್ದ, ಅದಕ್ಕೇ ಆ ಹೆಸರು. ಹಗ್ಗ ಕಟ್ಟೋದು, ಒಣಗಿದ ಬಟ್ಟೆ ತೆಗೆಯೋದು, ಲೋಡು ಹಾಕೋದು ಅವನ ಕೆಲಸ. ಟೀ ಲೋಟ ಹಿಡ್ಕೊಂಡು ಬಂದೋನು ಮಷೀನೊಳಗೆ ಇಣುಕಿ ನೋಡಿ, "ಚೆನ್ನಾಗೇ ಇದೆಯಲ್ಲ ಅತ್ತಿಗೆ," ಅಂದ.

"ಚೆನ್ನಾಗಿದೆಯಾ? ಹೋಟೆಲಿನವ್ರು ಬಂದಾಗ ನೀನೇ ಹೇಳು ಚೆನ್ನಾಗಿದೆ ಅಂತ. ಬಿಳಿ ಜೊತೆ ಬಣ್ಣದ್ದು ಏನು ಹಾಕಿದೆ?"

"ನಾನ್ಯಾಕೆ ಹಾಕ್ಲಿ? ಹೋಟೆಲಿಂದ ಬಂದಿದ್ದು, ನಿನ್ನೆ ಮೇಲಿಂದ ತಂದ ಒಂದು ಬಟ್ಟೆ, ಅಷ್ಟೇ ಹಾಕಿದ್ದು."

ಮೇಲಿಂದ ಅಂದ್ರೆ ರೈಲಿನ ಹಳಿ ಮೇಲಿಂದ.

ಆ ಲೈನಿನ ಕಥೆ ಊರಿಗೆಲ್ಲ ಗೊತ್ತು. ನಗರದಿಂದ ಏರ್‌ಪೋರ್ಟಿಗೆ ಬಾಣ ಬಿಟ್ಟ ಹಾಗೆ ಹೋಗೋ ರೈಲು ಅಂತ ದೊಡ್ಡ ದೊಡ್ಡ ಕಂಬ ನಿಲ್ಸಿ, ಅದರ ಮೇಲೆ ಸೇತುವೆ ತರ ಹಳಿ ಹಾಕಿ, ಬಾಜಾ ಬಜಂತ್ರಿ ಜೊತೆ ಶುರು ಮಾಡಿದ್ರು. ರೈಲೇನೋ ಕಣ್ಣು ಮಿಟುಕಿಸೋದ್ರೊಳಗೆ ಏರ್‌ಪೋರ್ಟಿಗೆ ಹೋಗ್ತಿತ್ತು, ನಿಜ. ಆದ್ರೆ ಆ ರೈಲು ಹತ್ತೋ ಸ್ಟೇಷನ್ನಿಗೆ ಹೋಗೋಷ್ಟರಲ್ಲಿ ಟ್ಯಾಕ್ಸಿ ಹಿಡಿದೋರು ಏರ್‌ಪೋರ್ಟಲ್ಲಿ ಕೂತು ಆಕಳಿಸ್ತಿದ್ರು. ಖಾಲಿ ರೈಲು ಓಡಿಸಿ ಓಡಿಸಿ ಸಾಕಾಗಿ ಒಂದಿನ ನಿಲ್ಸಿಬಿಟ್ರು. ಅಷ್ಟೇ. ಮಧ್ಯದ ಸ್ಟೇಷನ್ನಿಗೆ ಬೀಗ ಜಡಿದ್ರು, ಆ ಬೀಗಾನೂ ತುಕ್ಕು ಹಿಡಿದು ಉದುರಿಹೋಯ್ತು.

ಆ ಸ್ಟೇಷನ್ನಿನ ಕೆಳಗೇ ಇವರ ಲಾಂಡ್ರಿ. ಏರ್‌ಪೋರ್ಟ್ ರಸ್ತೆಯ ಸಣ್ಣ ದೊಡ್ಡ ಹೋಟೆಲುಗಳ ಬಟ್ಟೆಯೆಲ್ಲ ಇಲ್ಲಿಗೇ ಬರ್ತಿತ್ತು. ಕೆಳಗೆ ನೆರಳು, ಧೂಳು, ಬಸ್ಸಿನ ಹೊಗೆ. ಮೇಲೆ ನೋಡಿದ್ರೆ ಬಿಸಿಲೋ ಬಿಸಿಲು, ಗಾಳಿಯೋ ಗಾಳಿ, ಎರಡೂ ಕಡೆ ಕಂಬಿ ಬೇರೆ. ಹಗ್ಗ ಕಟ್ಟೋಕೆ ಅಂತಾನೇ ಯಾರೋ ಮಾಡಿಟ್ಟ ಹಾಗಿತ್ತು. ಮೊದ್ಲು ಐಡಿಯಾ ಕೊಟ್ಟಿದ್ದು ಇಸ್ತ್ರಿ ಅಕ್ಕನ ಅತ್ತೆ, ಕಂಬನ ಅಮ್ಮ. "ಸರ್ಕಾರ ನಮಗೆ ಇಷ್ಟು ಉದ್ದದ ಮಾಳಿಗೆ ಕಟ್ಟಿಕೊಟ್ಟಿದೆ, ನಾವು ಕೆಳಗೆ ಕೂತು ಹೊಗೆ ಕುಡೀತಿದೀವಿ," ಅಂದಿದ್ರು. ಅವತ್ತಿಂದ ಮೇಲಿನ ರಾಜ್ಯ ಅತ್ತೇದು. ಬೆಳಗ್ಗೆ ಬಟ್ಟೆ ಜೊತೆ ಹತ್ತಿದ್ರೆ ಒಣಗಿಸಿ, ಮಡಚಿ, ಬುಟ್ಟಿ ತುಂಬಿಸಿ ಕೆಳಗಿಳಿಸೋವರೆಗೂ ಇಳೀತಿರ್ಲಿಲ್ಲ. ಸೊಸೆ ಮಡಚಿದ್ದು ಅವರ ಕಣ್ಣಿಗೆ ಹಿಡಿಸ್ತಾನೇ ಇರ್ಲಿಲ್ಲ. "ನೀನು ಮಡಚಿದ್ರೆ ಬೆಡ್‌ಶೀಟಲ್ಲ, ಬೋಂಡಾ ಕಟ್ಟೋ ಪೇಪರು," ಅಂತಿದ್ರು.

ಈಗಲೂ ಮೇಲೇ ಇದ್ರು.

ಇಸ್ತ್ರಿ ಅಕ್ಕ ಗೊಣಗ್ತಾ ಒಂದೊಂದೇ ಬಟ್ಟೆ ಹೊರಗೆ ಎಳೆದ್ಲು. ಕೊನೇಲಿ, ಮಷೀನಿನ ತಳದಲ್ಲಿ ಸುರುಳಿ ಸುತ್ಕೊಂಡು ಕೂತಿತ್ತು ಕಳ್ಳ. ಉದ್ದದ ಕೆಂಪು ಬಟ್ಟೆ.

"ಇದೇನಪ್ಪಾ ಇದು? ಯಾವ ಹೋಟೆಲ್ದು?"

ಕಂಬ ತಲೆ ಕೆರ್ಕೊಂಡ. "ಗೊತ್ತಿಲ್ಲ ಅತ್ತಿಗೆ. ನಿನ್ನೆ ಅಮ್ಮ ಬಟ್ಟೆಯೆಲ್ಲ ಇಳಿಸಿದ ಮೇಲೆ ಹಗ್ಗ ತರೋಕೆ ಹೋಗಿದ್ನಲ್ಲ, ಕತ್ತಲಾಗ್ತಿತ್ತು. ಪ್ಲಾಟ್‌ಫಾರ್ಮ್ ತುದೀಲಿ ಕಂಬಿಗೆ ಕಟ್ಟಿತ್ತು. ಅಮ್ಮಾನೇ ಮರೆತಿರ್ಬೇಕು ಅಂತ ಬಿಚ್ಕೊಂಡು ಬಂದೆ."

ಇದರಲ್ಲಿ ಅವನ ತಪ್ಪೂ ಇಲ್ಲ ಅನ್ನಿ. ಆ ಮನೇಲಿ ಹುಟ್ಟಿದೋರ ಕೈ ಹಾಗೇ. ಎಲ್ಲಾದ್ರೂ ಒಂದು ಬಟ್ಟೆ ನೇತಾಡ್ತಿದ್ರೆ ಅದು ಏನು, ಯಾರ್ದು ಅಂತ ಕೇಳಲ್ಲ, ಬಿಚ್ಚಿ ಹೆಗಲಿಗೆ ಹಾಕ್ಕೊಂಡು ಬಂದು ಒಗೆಯೋಕೆ ಹಾಕ್ಬಿಡ್ತಾರೆ. ಒಂದ್ಸಲ ಅತ್ತೆ ಪಕ್ಕದ ಅಂಗಡಿ ಬಾಗಿಲ ಪರದೆಯನ್ನೇ ಒಗೆದು ಇಸ್ತ್ರಿ ಮಾಡಿಸಿ ವಾಪಸ್ ಕೊಟ್ಟಿದ್ರು.

ಇಸ್ತ್ರಿ ಅಕ್ಕ ಬಟ್ಟೇನ ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಒದರಿದ್ಲು. ಕೆಂಪು ಬಣ್ಣ ಬಿಟ್ಟಿತ್ತು, ಆದ್ರೆ ಅದರ ಮೇಲೆ ಬಿಳಿ ಪೇಂಟಲ್ಲಿ ಬರೆದಿದ್ದು ಗಟ್ಟಿಯಾಗಿ ಹಾಗೇ ಇತ್ತು.

ಎಚ್ಚರಿಕೆ. ಕೆಳಗೆ ಇವತ್ತಿನ ತಾರೀಖು. ಬೆಳಗ್ಗೆ ಪರೀಕ್ಷಾ ರೈಲು ಪೂರ್ತಿ ವೇಗದಲ್ಲಿ ಓಡುತ್ತದೆ. ಹಳಿಯ ಹತ್ತಿರ ಯಾರೂ ಹೋಗಬಾರದು.

ಓದಿದ್ಲು. ಇನ್ನೊಂದ್ಸಲ ಓದಿದ್ಲು. ಓದಿದ್ದು ಕಣ್ಣಿಗೆ ಹೋಯ್ತೇ ಹೊರತು ತಲೆಗೆ ಹೋಗ್ಲಿಲ್ಲ. ರೈಲು? ಯಾವ ರೈಲು? ಆಮೇಲೆ ಇದ್ದಕ್ಕಿದ್ದ ಹಾಗೆ ತಲೆಗೆ ಹೋಯ್ತು ನೋಡಿ.

"ಕಂಬ... ಅತ್ತೆ ಮೇಲಿದಾರೆ."

"ಹೂಂ, ಇನ್ನೆಲ್ಲಿರ್ತಾರೆ..." ಅಂದೋನು ಬಟ್ಟೆ ಕಡೆ ನೋಡಿದ. ಅವನ ಕೈಯಲ್ಲಿದ್ದ ಲೋಟ ನೆಲಕ್ಕೆ ಬಿತ್ತು.

ಇಸ್ತ್ರಿ ಅಕ್ಕ ಬಾಗಿಲಿಗೆ ಓಡಿದ್ಲು. ಅಲ್ಲಿ ಮೇಲಿಂದ ಒಂದು ಹಗ್ಗ ಇಳಿಬಿದ್ದಿತ್ತು, ಅದರ ಮೇಲ್ತುದೀಲಿ ಗಂಟೆ. ವಿಮಾನಗಳು ತಲೆ ಮೇಲೇ ಹಾರ್ತಾ ಇರ್ತವೆ, ಕೂಗಿದ್ರೆ ಯಾರಿಗೂ ಕೇಳಿಸಲ್ಲ, ಅದಕ್ಕೆ ಮಾಡ್ಕೊಂಡಿದ್ದು. ಒಂದೇ ಸಲ ಎಳೆದ್ರೆ ಬುಟ್ಟಿ ಕಳಿಸಿ ಅಂತ. ಬಿಡದೆ ಎಳೆದ್ರೆ ಮಳೆ ಬರ್ತಿದೆ ಅಂತ. ಇವಳು ಹಗ್ಗಕ್ಕೆ ಜೋತುಬಿದ್ದು ಎಳೆದ್ಲು. ಎಳೆದ್ಲು, ಎಳೆದ್ಲು. ಮೇಲೆ ಗಂಟೆ ಹುಚ್ಚು ಹಿಡಿದ ಹಾಗೆ ಬಡ್ಕೊಳ್ತು.

ಕಂಬ ಅವಳ ಕೈ ಹಿಡ್ಕೊಂಡ. "ಅತ್ತಿಗೆ! ಬೇಡ! ನಿಲ್ಸಿ!"

"ಬಿಡೋ!"

"ಮಳೆ ಅಂದ್ಕೊಳ್ತಾಳೆ! ಮಳೆ ಅಂದ್ರೆ ಅಮ್ಮ ಬಟ್ಟೆ ತೆಗೆಯೋಕೆ ಹೋಗ್ತಾಳೆ!"

ಅಯ್ಯೋ ದೇವ್ರೇ. ಹೌದಲ್ಲ. ಮಳೆ ಅಂದ್ರೆ ಅತ್ತೆ ಓಡಿ ಬರೋದು ಮೆಟ್ಟಿಲ ಕಡೆಗಲ್ಲ. ಹಳಿ ಮೇಲೆ ಆ ಕೊನೇವರೆಗೂ ಓಡಿ, ಅಲ್ಲಿಂದ ಒಂದೊಂದೇ ಬೆಡ್‌ಶೀಟು ಎಳ್ಕೊಂಡು ಬರ್ತಾರೆ. ತಾನೇ ಕೈಯಾರೆ ಅತ್ತೇನ ಹಳಿ ಮೇಲೆ ಇನ್ನೂ ದೂರ ಓಡಿಸಿದ್ಲು!

ಹಗ್ಗ ಬಿಟ್ಟು ಮೆಟ್ಟಿಲಿಗೆ ನುಗ್ಗಿದ್ಲು. ನಿಂತುಹೋದ ಎಸ್ಕಲೇಟರು, ಒಂದೊಂದು ಮೆಟ್ಟಿಲೂ ಮೊಣಕಾಲಷ್ಟು ಎತ್ತರ. ಚಪ್ಪಲಿ ಒಂದು ಎಲ್ಲೋ ಕಳಚಿತು. ಹಿಂದೆ ಕಂಬ, ಅಷ್ಟುದ್ದ ಕಾಲಿದ್ರೂ ಎಡವ್ತಾ ಬರ್ತಿದ್ದ.

ಪ್ಲಾಟ್‌ಫಾರ್ಮ್ ಮೇಲೆ ಕಾಲಿಟ್ಟಿದ್ದೇ ತಡ, ಮೊದ್ಲು ಕೇಳಿಸಿದ್ದು ಸದ್ದು. ರೈಲಿಗೆ ಕರೆಂಟ್ ಕೊಡೋ ತಲೆ ಮೇಲಿನ ತಂತಿ ಗುಂಯ್ ಅಂತಿತ್ತು. ಇಷ್ಟು ವರ್ಷ ಕಾಗೆ ಕೂರೋಕೆ ಬಿಟ್ಟು ಇನ್ಯಾತಕ್ಕೂ ಬಾರದೇ ಇದ್ದ ತಂತಿ, ಈಗ ಜೀವ ಬಂದ ಹಾಗೆ ಗುಂಯ್‌ಗುಡ್ತಿದೆ!

ಹಳಿ ಮೇಲೆ ಸಾಲು ಸಾಲು ಬಿಳಿ ಬೆಡ್‌ಶೀಟು. ಗಾಳಿಗೆ ಉಬ್ಬೋದು, ಇಳಿಯೋದು. ಅದರ ಮಧ್ಯೆ ಎಲ್ಲೋ ದೂರದಲ್ಲಿ ಅತ್ತೆ ತಲೆ ಕಾಣಿಸ್ತು, ಮರೆಯಾಯ್ತು.

"ಅತ್ತೇ! ಬನ್ನಿ ಈ ಕಡೆ! ರೈಲು ಬರ್ತಿದೆ!"

ಅತ್ತೆ ಒಂದು ಬೆಡ್‌ಶೀಟು ಸರಿಸಿ ಮುಖ ತೋರಿಸಿದ್ರು. "ಏನು ಬರ್ತಿದೆ?"

"ರೈಲು! ರೈಲು!"

ಅತ್ತೆ ನಕ್ಕುಬಿಟ್ರು. ಹೊಟ್ಟೆ ಹಿಡ್ಕೊಂಡು ನಕ್ರು! "ಬರ್ಲಿ ಬರ್ಲಿ, ನನಗೂ ಒಂದು ಸೀಟು ಹಿಡಿ! ಮಳೆ ಎಲ್ಲೇ ಹುಡುಗಿ? ಆಕಾಶದಲ್ಲಿ ಒಂದು ಚೂರು ಮೋಡ ಇಲ್ಲ, ಹಗ್ಗ ಹರಿದುಹೋಗೋ ಹಾಗೆ ಗಂಟೆ ಬಾರಿಸ್ತೀಯಲ್ಲ!"

"ಅಮ್ಮಾ, ನಿಜವಾಗ್ಲೂ! ಬಾಮ್ಮಾ!" ಅಂತ ಕಂಬ ಕಿರುಚಿದ.

"ಇಬ್ರೂ ಸೇರ್ಕೊಂಡು ಆಟ ಆಡ್ತಿದೀರಾ? ಮಾಡೋಕೆ ಕೆಲ್ಸ ಇಲ್ವಾ?" ಅತ್ತೆ ತಿರುಗಿ ಮತ್ತೆ ಬಟ್ಟೆ ಒಳಗೆ ಹೋದ್ರು.

ಅತ್ತೆ ಹಿಂದೆ, ಬಿಳಿ ಸಾಲುಗಳಿಂದ ಆಚೆ, ಏರ್‌ಪೋರ್ಟ್ ಕಡೆ, ಹಳಿ ನೆಟ್ಟಗೆ ಹೋಗಿ ಬಿಸಿಲಲ್ಲಿ ಕರಗೋ ಜಾಗದಲ್ಲಿ ಏನೋ ಹೊಳೀತು. ಸದ್ದೂ ಬಂತು. ಅದು ವಿಮಾನದ ಸದ್ದಿನ ಹಾಗೇ ಇತ್ತು. ದಿನಾ ವಿಮಾನ ಕೇಳಿ ಕೇಳಿ ಜಡ್ಡುಗಟ್ಟಿದ ಅತ್ತೆ ಕಿವಿ ಅದಕ್ಕೆಲ್ಲಿ ತಿರುಗುತ್ತೆ?

ಕಂಬ ಹಳಿಗೆ ಹಾರೋಕೆ ಹೋದ. ಇಸ್ತ್ರಿ ಅಕ್ಕ ಅವನ ಶರಟು ಹಿಡಿದು ಎಳೆದ್ಲು. ಓಡಿ ಹೋಗಿ ಕರ್ಕೊಂಡು ಬರೋಷ್ಟು ಹೊತ್ತಿಲ್ಲ. ಅತ್ತೇನೇ ಓಡಿ ಬರ್ಬೇಕು. ಅತ್ತೆ ಯಾತಕ್ಕೆ ಓಡ್ತಾರೆ? ಬಟ್ಟೆ ಬಿಟ್ಟು, ಎಲ್ಲಾ ಬಿಟ್ಟು, ಯಾತಕ್ಕೆ ಓಡ್ತಾರೆ?

ಇದ್ದಬದ್ದ ಉಸಿರೆಲ್ಲ ಒಟ್ಟು ಮಾಡಿ ಕೂಗಿದ್ಲು:

"ಅತ್ತೇ! ಬೆಡ್‌ಶೀಟ್ ಮೇಲೆ ಬಿಸಿ ಇಸ್ತ್ರಿ ಪೆಟ್ಟಿಗೆ ಇಟ್ಟು ಹಾಗೇ ಬಂದ್ಬಿಟ್ಟೆ!"

ಬೆಡ್‌ಶೀಟು ಸರ್ರನೆ ಸರೀತು.

"ಏನಂದೆ?"

"ದೊಡ್ಡ ಹೋಟೆಲಿನದು! ಹೊಗೆ ಬರ್ತಿತ್ತು!"

"ನಿನ್ನ ಕೈಗಿಷ್ಟು ಬೆಂಕಿ ಹಾಕ! ಇಟ್ಟು ಬಂದು ಇಲ್ಲಿ ರೈಲಾಟ ಆಡ್ತಿದೀಯಾ?"

ಓಡಿದ್ರು ನೋಡಿ ಅತ್ತೆ! ಕೈಯಲ್ಲಿದ್ದ ಬಟ್ಟೆ ಎಸೆದು, ಸೀರೆ ಎತ್ತಿ ಕಟ್ಟಿ, ಮಂಡಿ ನೋವು ಅನ್ನೋದು ಯಾರಿಗೋ ಇದ್ದಿದ್ದು ಅನ್ನೋ ಹಾಗೆ ಓಡಿದ್ರು. ಸಾಲು ಸಾಲು ಬೆಡ್‌ಶೀಟುಗಳನ್ನ ಎರಡೂ ಕೈಯಲ್ಲಿ ಸೀಳ್ಕೊಂಡು, ಬಾಯಲ್ಲಿ ಸೊಸೆಯ ತವರು ಮನೆಯವ್ರನ್ನೆಲ್ಲ ಒಬ್ಬೊಬ್ಬರನ್ನಾಗಿ ಬೈತಾ ಬಂದ್ರು. ಅವರ ಹಿಂದೆ ಹೊಳೆಯೋದು ದೊಡ್ಡದಾಗ್ತಿತ್ತು. ಈಗ ಅದಕ್ಕೆ ಮೂತಿ ಇತ್ತು. ಕಿಟಕಿ ಇತ್ತು. ಹಾರ್ನು ಅರಚ್ತಿತ್ತು. ಅತ್ತೆ ತಿರುಗಿ ಕೂಡ ನೋಡ್ಲಿಲ್ಲ, ಅವರ ಕಣ್ಣೆಲ್ಲ ಸೊಸೆ ಮೇಲೆ.

"ಬಯ್ಯಿರಿ ಅತ್ತೆ, ಬಯ್ಯಿರಿ, ಬನ್ನಿ, ಬನ್ನಿ..."

ಪ್ಲಾಟ್‌ಫಾರ್ಮಿನ ತುದೀಲಿ ಹಳಿಗೆ ಇಳಿಯೋ ಇಳಿಜಾರು. ಅತ್ತೆ ಅದರ ಮೇಲೆ ಕಾಲಿಟ್ರು, ಹೊಡೆಯೋಕೆ ಕೈ ಎತ್ತಿದ್ರು. ಆ ಎತ್ತಿದ ಕೈಯನ್ನೇ ಇಸ್ತ್ರಿ ಅಕ್ಕ ಹಿಡಿದು ಎಳೆದ್ಲು. ಕಂಬ ಸೊಂಟಕ್ಕೆ ಕೈ ಹಾಕಿದ. ಮೂರೂ ಜನ ಒಬ್ಬರ ಮೇಲೊಬ್ಬರು ಗೋಡೆ ಪಕ್ಕಕ್ಕೆ ಬಿದ್ರು.

ಗಾಳಿ ಬಂದು ಅವರನ್ನ ಗೋಡೆಗೆ ಒತ್ತಿ ಹಿಡೀತು. ಹಗ್ಗಗಳು ಒಂದಾದ ಮೇಲೊಂದು ಪಟ್ ಪಟ್ ಪಟ್ ಅಂತ ಹರಿದ್ವು. ಬ್ರೇಕಿನ ಕೀರಲು ಸದ್ದು ಹಲ್ಲಿನೊಳಗೆ ಇಳೀತು. ಬೆಳ್ಳಗೆ ಏನೇನೋ ಹಾರ್ತು, ಕಣ್ಣು ಮುಚ್ಕೊಂಡ್ರು. ತೆಗೆದಾಗ ರೈಲು ಸ್ಟೇಷನ್ ದಾಟಿ ಎಷ್ಟೋ ದೂರ ಹೋಗಿ ನಿಂತಿತ್ತು, ಮುಖದ ತುಂಬ ಬೆಡ್‌ಶೀಟು ಸುತ್ಕೊಂಡು. ಬಟ್ಟೆ ಚೂರುಗಳು ಮೇಲಿಂದ ಇನ್ನೂ ನಿಧಾನಕ್ಕೆ ಇಳೀತಾ ಇದ್ವು.

ಅತ್ತೆ ಕೂತಲ್ಲೇ ಹಳಿ ನೋಡ್ತಿದ್ರು. ತಾವು ನಿಂತಿದ್ದ ಜಾಗ ನೋಡ್ತಿದ್ರು. ಅಲ್ಲೀಗ ಒಂದು ಹಗ್ಗಾನೂ ಇಲ್ಲ.

"ಅತ್ತೆ?" ಅಂದ್ಲು ಇಸ್ತ್ರಿ ಅಕ್ಕ. "ಇಸ್ತ್ರಿ ಪೆಟ್ಟಿಗೆ... ನಾನು ಇವತ್ತು ಇಸ್ತ್ರಿಗೆ ಇನ್ನೂ ಕೂತೇ ಇಲ್ಲ. ಸುಳ್ಳು ಹೇಳ್ದೆ."

ಅತ್ತೆ ಬಾಯಿ ತೆರೆದ್ರು. ಇಡೀ ಬೀದಿಗೆ ಕೇಳೋ ಬಾಯಿ, ನಿದ್ದೇಲೂ ಸುಮ್ಮನಿರದ ಬಾಯಿ, ತೆರೆದೇ ಇತ್ತು, ಮಾತೇ ಇಲ್ಲ. ಕಂಬ ಅಮ್ಮನ ಬೆನ್ನು ಸವರಿದ, "ಅಮ್ಮ, ಏನಾದ್ರೂ ಅನ್ನು, ಬೈಯಾದ್ರೂ ಬೈ," ಅಂದ. ಅತ್ತೆ ಸೊಸೆಯ ಕೈ ಮಾತ್ರ ಬಿಡ್ಲಿಲ್ಲ, ಬಳೆ ಒತ್ತಿ ನೋವಾಗೋಷ್ಟು ಗಟ್ಟಿಯಾಗಿ ಹಿಡಿದಿದ್ರು.

ರೈಲಿನ ಕಡೆಯಿಂದ ಯಾರೋ ಹಳಿ ಮೇಲೆ ಓಡಿ ಬರ್ತಿದ್ದ. ಯೂನಿಫಾರ್ಮು. ಡ್ರೈವರು. ಓಡ್ತಾ ಓಡ್ತಾ ಬಿದ್ದಿದ್ದ ಒಂದೊಂದು ಬೆಡ್‌ಶೀಟನ್ನೂ ಎತ್ತಿ ಅದರ ಕೆಳಗೆ ನೋಡ್ತಿದ್ದ. ಎತ್ತೋದು, ನೋಡೋದು, ಬಿಡೋದು, ಮುಂದಿನದಕ್ಕೆ ಓಡೋದು. ಹತ್ತಿರ ಬಂದಾಗ ಗೊತ್ತಾಯ್ತು, ಅವನು ಅಳ್ತಿದ್ದ.

"ಎಷ್ಟು ಜನ ಇದ್ರಿ?" ಅಂತ ಕೂಗಿದ. "ಬೆಳ್ಳಗೆ ಅಷ್ಟು ಜನ ನಿಂತಿದ್ರಲ್ಲ, ಅವ್ರೆಲ್ಲ ಎಲ್ಲಿ?"

"ಅಣ್ಣ, ಅದು ಬಟ್ಟೆ," ಅಂದ್ಲು ಇಸ್ತ್ರಿ ಅಕ್ಕ. "ಬರೀ ಬಟ್ಟೆ. ನಮ್ಮ ಲಾಂಡ್ರೀದು."

"ಇಲ್ಲ, ಇಲ್ಲ, ಒಬ್ರು ಓಡಿದ್ರು. ನಾನೇ ನೋಡಿದೆ. ಹೆಂಗಸು. ಹಾರ್ನ್ ಹೊಡೆದೆ, ಬ್ರೇಕ್ ಹಾಕ್ದೆ, ನಿಲ್ಲಲಿಲ್ಲ, ಅದು ಅಷ್ಟು ಬೇಗ ನಿಲ್ಲಲ್ಲ..." ಅವನು ತೋಳಿನಿಂದ ಕಣ್ಣೊರೆಸ್ಕೊಂಡ. "ರೈಲನ್ನ ಬೇರೆ ಊರಿನವ್ರು ತಗೊಳ್ತಾರಂತೆ, ಒಂದ್ಸಲ ಓಡಿಸಿ ತೋರಿಸು ಅಂದ್ರು. ನಿನ್ನೆ ಸಂಜೆ ಬಂದು ನೋಡಿದ್ವಿ, ಯಾರೂ ಇರ್ಲಿಲ್ಲ. ಬ್ಯಾನರ್ ಕೂಡ ಕಟ್ಟಿದ್ವಿ..."

ಕಂಬ ತಲೆ ತಗ್ಗಿಸಿ ಗೋಡೆ ಕಡೆ ತಿರುಗಿ ನಿಂತ.

ಡ್ರೈವರ್ ಮತ್ತೆ ಹಳಿ ಕಡೆ ತಿರುಗಿದ, ಇನ್ನೊಂದು ಬೆಡ್‌ಶೀಟು ಎತ್ತೋಕೆ. ಆಗ ಅತ್ತೆ ಸೊಸೆಯ ಕೈ ಬಿಟ್ರು. ಗೋಡೆ ಹಿಡ್ಕೊಂಡು ಎದ್ರು, ಇಳಿಜಾರಲ್ಲಿ ಒಂದೊಂದೇ ಹೆಜ್ಜೆ ಇಟ್ಕೊಂಡು ಇಳಿದ್ರು, ಅವನ ಮುಂದೆ ಹೋಗಿ ನಿಂತು ತಮ್ಮ ಎರಡೂ ಕೈ ಚಾಚಿದ್ರು.

"ಮುಟ್ಟಿ ನೋಡಪ್ಪ," ಅಂದ್ರು. ದನಿ ಪಿಸುಮಾತಿನಷ್ಟೇ ಇತ್ತು. "ನಾನೇ ಓಡಿದ್ದು. ನಾನೊಬ್ಳೇ ಇದ್ದಿದ್ದು. ನೋಡು, ಇಲ್ಲೇ ಇದೀನಿ."