ಪಿಯಾನೋಗೆ ಎಂಬತ್ತು ಸವತಿಯರು

ನಾನು ಒಂದು ಪಿಯಾನೋ. ಗೋಡೆಗೆ ಬೆನ್ನು ಕೊಟ್ಟು ನಿಲ್ಲುವ ಜಾತಿಯದು. ಹುಟ್ಟಿದ್ದು ಜರ್ಮನಿಯ ಒಂದು ಕಾರ್ಖಾನೆಯಲ್ಲಿ. ನನ್ನ ತಂತಿಗಳನ್ನು ಬಿಗಿದ ಮುದುಕ, ಕೊನೆಯ ದಿನ ಬಿಳಿ ಪಟ್ಟಿ ಕರಿ ಪಟ್ಟಿಗಳನ್ನೆಲ್ಲ ಒಂದೊಂದಾಗಿ ಒತ್ತಿ ನೋಡಿದ. ಆಮೇಲೆ ಹತ್ತಿರ ಬಟ್ಟೆ ಸಿಗದೆ, ತನ್ನ ಅಂಗಿಯ ತೋಳಿನಿಂದಲೇ ನನ್ನ ಮುಚ್ಚಳ ಒರೆಸಿದ. ಲೋಕದಲ್ಲಿ ನನಗೆ ಸಿಕ್ಕ ಮೊದಲ ಅಕ್ಕರೆ ಅದು.

ಹಡಗಿನಲ್ಲಿ ಮದರಾಸಿಗೆ, ಅಲ್ಲಿಂದ ರೈಲಿನಲ್ಲಿ ಮೈಸೂರಿಗೆ ಬಂದೆ. ಮೊದಲ ಒಡತಿ ಒಬ್ಬ ಇಂಗ್ಲಿಷ್ ದೊರೆಸಾನಿ. ಅವರ ಬಳಿ ಕೆಂಪು ರಟ್ಟಿನ ಒಂದು ದಪ್ಪ ಪುಸ್ತಕವಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯುರೋಪಿನಲ್ಲಿ ಎಂಬತ್ತು ವಾದ್ಯಗಳು ಒಟ್ಟಿಗೆ ಕೂತು ನುಡಿಸುವ ದೊಡ್ಡ ಸಂಗೀತ ಹುಟ್ಟುತ್ತಿತ್ತು. ಅಷ್ಟು ಜನರನ್ನು ಮನೆಗೆ ಕರೆಸಲು ಯಾರಿಂದಾಗುತ್ತದೆ? ಹಾಗಾಗಿ ತಿಳಿದವರು ಅದನ್ನು ಹತ್ತು ಬೆರಳಿಗೆ, ಒಂದೇ ಪಿಯಾನೋಗೆ ಇಳಿಸಿ ಬರೆದರು. ಆ ಪುಸ್ತಕದ ತುಂಬ ಇದ್ದದ್ದು ಅದೇ. ದೊರೆಸಾನಿ ಕಣ್ಣು ಮುಚ್ಚಿ ನುಡಿಸುತ್ತಿದ್ದರು. ನನ್ನ ಇಂಪಿಗೆ ಮೈಮರೆತಿದ್ದಾರೆ ಎಂದು ನಾನು ಬೀಗುತ್ತಿದ್ದೆ. ಒಂದು ಸಂಜೆ ಅವರು ನಿಟ್ಟುಸಿರಿಟ್ಟು, "ಪಿಟೀಲುಗಳು ಕಣ್ಣಿಗೇ ಕಾಣುವಂತಿವೆ" ಎಂದರು. ಹೊಟ್ಟೆಯುರಿ ಶುರುವಾದದ್ದು ಆಗ. ನುಡಿಯುವುದು ನಾನು, ಹೆಸರು ಪಿಟೀಲಿಗೆ!

ದೇಶ ಬಿಟ್ಟು ಹೋಗುವಾಗ ದೊರೆಸಾನಿ ನನ್ನನ್ನೂ ಪುಸ್ತಕವನ್ನೂ ತಮ್ಮ ಶಿಷ್ಯೆ ಎಸ್ತರಮ್ಮನವರಿಗೆ ಕೊಟ್ಟರು. ಇವರು ಶಾಲೆಯಲ್ಲಿ ಸಂಗೀತದ ಟೀಚರು. ಗಾಡಿಯಲ್ಲಿ ನನಗೆ ತರಚೀತೆಂದು ತಮ್ಮ ಮದುವೆಯ ಕಂಬಳಿಯನ್ನೇ ತಂದು ಹೊದಿಸಿದರು. ಗಂಡ ಜಯಾನಂದರು ರೈಲ್ವೆ ಗುಮಾಸ್ತರು. ಓದುವ ವಯಸ್ಸಿನಲ್ಲಿ ಮದರಾಸಿನಲ್ಲಿ ಒಮ್ಮೆ ಆ ಎಂಬತ್ತು ವಾದ್ಯಗಳನ್ನು ಕೇಳಿದ್ದರಂತೆ. ಆ ಗುಂಗಿನಿಂದ ಹೊರಗೆ ಬಂದೇ ಇರಲಿಲ್ಲ.

ಪುಸ್ತಕದಲ್ಲಿ ಕಾಡು ಬೆಳಗಾಗುವುದರ ಬಗ್ಗೆ ಒಂದು ಸಂಗೀತವಿತ್ತು. ಎಸ್ತರಮ್ಮ ನುಡಿಸುವಾಗ ಜಯಾನಂದರು ಪಕ್ಕದಲ್ಲಿ ನಿಂತು ಪುಟ ತಿರುಗಿಸುತ್ತಿದ್ದರು.

"ಇಲ್ಲಿ ಕೊಳಲು ಬರುತ್ತೆ ಕಣೇ. ನೋಡು, ಈಗ!"

"ನನಗಿರೋದು ಹತ್ತೇ ಬೆರಳು ಕಣ್ರೀ. ಹನ್ನೊಂದನೇದು ನೀವೇ ತನ್ನಿ."

ಅವರು ತರುತ್ತಿದ್ದರು. ಹತ್ತು ಬೆರಳಿಗೆ ಎಟುಕದ ಸ್ವರಗಳನ್ನು ಪುಸ್ತಕದಲ್ಲಿ ಎರಡು ಕೈಗಳ ಎರಡು ಸಾಲುಗಳ ಮೇಲೆ ಮೂರನೆಯ ಸಾಲಾಗಿ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದ್ದರು. ಆ ಸಾಲನ್ನು ಜಯಾನಂದರು ತಮ್ಮ ಒಡಕು ದನಿಯಲ್ಲಿ ಗುನುಗುತ್ತಿದ್ದರು. ಎಸ್ತರಮ್ಮ ನಗುತ್ತಿದ್ದರು. ನಾನು ಕುದಿಯುತ್ತಿದ್ದೆ. ಬಡಿಸುವವಳ ಎದುರಿಗೇ ಪಕ್ಕದ ಮನೆಯ ಸಾರನ್ನು ಹೊಗಳಿದರೆ ಹೇಗಿರುತ್ತದೆ ಹೇಳಿ! ಒಬ್ಬ ಸವತಿಯನ್ನೇ ಸಹಿಸುವುದು ಕಷ್ಟ. ನನಗೆ ಎಂಬತ್ತು.

ಒಂದು ದಿನ ಎಂಬತ್ತೂ ಜನ ಮನೆಗೇ ಬಂದುಬಿಟ್ಟರು. ಜಯಾನಂದರು ರೆಕಾರ್ಡ್ ಪ್ಲೇಯರ್ ತಂದು, ಕಸೂತಿ ಬಟ್ಟೆ ಹಾಸಿ, ನನ್ನ ತಲೆಯ ಮೇಲೇ ಕೂರಿಸಿದರು. ಅದೇ ಕಾಡು, ಅದೇ ಬೆಳಗು, ನಿಜವಾದ ಕೊಳಲು! ಆ ನಾದ ಮರದೊಳಗಿಂದ ಇಳಿದು ಬಂದು ನನ್ನ ತಂತಿಗಳೂ ತಾವಾಗಿಯೇ ಮಿಡಿಯತೊಡಗಿದವು. ಸವತಿಯ ಮದುವೆಗೆ ನಾನೇ ಓಲಗ ಊದಿದ ಹಾಗಾಯಿತು.

ಜಯಾನಂದರು ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. ರೆಕಾರ್ಡಿಗೆ ಪುಟ ತಿರುಗಿಸಬೇಕಿಲ್ಲ, ಗುನುಗುವವರೂ ಬೇಕಿಲ್ಲ. ಒಂದು ಮಧ್ಯಾಹ್ನ ಎಸ್ತರಮ್ಮ ನನ್ನೆದುರು ಕೂತು ಒಂದು ಪುಟ ನುಡಿಸಿದರು. ಅಭ್ಯಾಸಬಲದಿಂದ ಪಕ್ಕಕ್ಕೆ ನೋಡಿದರು. ಯಾರೂ ಇರಲಿಲ್ಲ. ಪುಟವನ್ನು ತಾವೇ ತಿರುಗಿಸಲು ಕೈ ಎತ್ತಿದವರು ಹಾಗೇ ಮುಚ್ಚಳ ಮುಚ್ಚಿದರು.

ಕೆಲವು ವಾರಗಳ ನಂತರ ಜಯಾನಂದರು ಅಂದರು: "ಇದು ಸುಮ್ನೆ ಜಾಗ ತಿಂತಾ ನಿಂತಿದೆ. ನಿಮ್ಮ ಸ್ಕೂಲಿಗೇ ಕೊಟ್ಬಿಡೋಣ ಅಲ್ವಾ?"

"ನಿಮ್ಮಿಷ್ಟ" ಎಂದರು ಎಸ್ತರಮ್ಮ. ತಗ್ಗಿಸಿದ ಅವರ ಮುಖ ನನಗೆ ಕೆಳಗಿನಿಂದ ಕಾಣುತ್ತಿತ್ತು. ಜಯಾನಂದರಿಗೆ ಕಾಣುತ್ತಿರಲಿಲ್ಲ.

ಶನಿವಾರ ಸಂಜೆ ನನ್ನನ್ನು ನೋಡಲು ಮುಖ್ಯೋಪಾಧ್ಯಾಯಿನಿ ಮಿಸ್ ಸಾಲೊಮನ್ ಬಂದರು. ಜಯಾನಂದರಿಗೆ ಮೊದಲು ರೆಕಾರ್ಡ್ ಕೇಳಿಸುವ ಉಮೇದು. ಕಾಡಿನಲ್ಲಿ ಇನ್ನೇನು ಸೂರ್ಯ ಮೂಡಬೇಕು, ಕರೆಂಟ್ ಹೋಯಿತು. ಎಂಬತ್ತು ವಾದ್ಯಗಳೂ ಎಮ್ಮೆಯ ಹಾಗೆ ಒರಲಿ ನಿಂತವು.

"ಥತ್! ಸೂರ್ಯ ಹುಟ್ಟೋ ಹೊತ್ತಿಗೇ ಹೋಗ್ಬೇಕಾ?"

"ಅರ್ಧಕ್ಕೆ ಬಿಟ್ರೆ ಹೇಗ್ರೀ? ಮುಂದೇನಾಗುತ್ತೆ?" ಎಂದರು ಮಿಸ್ ಸಾಲೊಮನ್.

ಯಾರೂ ಹೇಳದೆಯೇ ಎಸ್ತರಮ್ಮ ಎದ್ದು ಬಂದರು. ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಮುಚ್ಚಳ ತೆರೆದು, ರೆಕಾರ್ಡ್ ನಿಂತ ಕಡೆಯಿಂದಲೇ ಎತ್ತಿಕೊಂಡರು. ನಾನು ನನ್ನಲ್ಲಿದ್ದುದನ್ನೆಲ್ಲ ಕೊಟ್ಟೆ. ಕೊಳಲಿನ ಜಾಗ ಬಂತು. ಬೆರಳು ಎಟುಕಲಿಲ್ಲ. ಅಲ್ಲೊಂದು ಖಾಲಿ ಬಿತ್ತು.

ಆ ಖಾಲಿಯೊಳಗೆ ಒಡಕು ದನಿಯ ಗುನುಗು ಬಂತು. ಜಯಾನಂದರು ಯಾವಾಗ ಎದ್ದು ಬಂದು ಪಕ್ಕದಲ್ಲಿ ನಿಂತರೋ ಗೊತ್ತಿಲ್ಲ.

"ಇಷ್ಟು ದಿನ ಎಲ್ಲಿ ಹೋಗಿತ್ತೋ ಹನ್ನೊಂದನೇ ಬೆರಳು!" ಎಂದರು ಎಸ್ತರಮ್ಮ, ಕೈ ನಿಲ್ಲಿಸದೆ.

ಅಷ್ಟರಲ್ಲಿ ಕರೆಂಟ್ ಬಂತು. ನನ್ನ ತಲೆಯ ಮೇಲೆ ರೆಕಾರ್ಡ್ ಗುರುಗುಟ್ಟುತ್ತ ತಿರುಗತೊಡಗಿತು. ಜಯಾನಂದರು ಹೆಂಡತಿಯ ತಲೆಯ ಮೇಲಿಂದ ಕೈ ಚಾಚಿ, ಮುಳ್ಳನ್ನು ಎತ್ತಿಟ್ಟರು. ಗುನುಗು ನಿಲ್ಲಿಸಲಿಲ್ಲ.

ಮಿಸ್ ಸಾಲೊಮನ್ ಆರಿದ ಕಾಫಿ ಕುಡಿದು ಎದ್ದರು. "ಇದನ್ನ ಸ್ಕೂಲಿಗೆ ಕೊಡಿ ಅಂತ ಕೇಳೋಕೆ ನನಗೆ ಬಾಯಿ ಬರಲ್ಲಪ್ಪ."

ಗೆದ್ದೆ ಎಂದುಕೊಂಡೆ. ಆದರೆ ಯೋಚಿಸಿದಂತೆಲ್ಲ ಗೆಲುವು ಸಪ್ಪೆಯಾಯಿತು. ಆ ಸಂಜೆ ಜಯಾನಂದರು ಕೇಳಿದ್ದು ವಾದ್ಯವೃಂದವನ್ನಲ್ಲ, ನಿಜ; ಆದರೆ ನನ್ನನ್ನೂ ಅಲ್ಲ. ಎಸ್ತರಮ್ಮನವರನ್ನು. ನನ್ನಲ್ಲಿ ಕೊರತೆ ಇದ್ದುದರಿಂದಲೇ ಜಯಾನಂದರಿಗೆ ಅಲ್ಲಿ ನಿಲ್ಲಲು ಜಾಗವಿತ್ತು. ಇದನ್ನು ಒಪ್ಪಿಕೊಂಡೆ. ಹೊಟ್ಟೆಕಿಚ್ಚು ಮಾತ್ರ ಹಾಗೇ ಉಳಿಯಿತು.

ಈಗ ಜಯಾನಂದರಿಲ್ಲ. ಬೆರಳುಗಳು ಸೆಟೆದುಕೊಂಡ ಮೇಲೆ ಎಸ್ತರಮ್ಮನವರೇ ನನ್ನನ್ನು ಶಾಲೆಗೆ ಕಳಿಸಿಕೊಟ್ಟರು. ಇಲ್ಲಿ ಸಭಾಂಗಣದ ಮೂಲೆಯಲ್ಲಿ ನಿಂತಿದ್ದೇನೆ. ಎದುರಿಗೆ ಪ್ಲಾಸ್ಟಿಕ್ಕಿನ ಒಂದು ಕೀಬೋರ್ಡ್ ಇದೆ. ಒಂದು ಗುಂಡಿ ಒತ್ತಿದರೆ ಕೊಳಲು, ಇನ್ನೊಂದು ಒತ್ತಿದರೆ ಪಿಟೀಲು. ಮಕ್ಕಳೆಲ್ಲ ಅದರ ಸುತ್ತಲೇ. ವಯಸ್ಸಾದರೆ ಮತ್ಸರ ಆರುತ್ತದೆ ಎನ್ನುವವರಿಗೆ ವಯಸ್ಸಾಗಿಲ್ಲ ಎಂದೇ ಅರ್ಥ.

ಹೋದ ತಿಂಗಳು ಎಸ್ತರಮ್ಮ ಬಂದಿದ್ದರು, ಸಂಗೀತದ ಹೊಸ ಟೀಚರ ತೋಳು ಹಿಡಿದುಕೊಂಡು. ನನ್ನೆದುರು ಕೂತರು. ಪುಸ್ತಕ ತೆರೆಯಲಿಲ್ಲ. ಎಡಗಡೆಯ ಒಂದು ಮಂದ್ರ ಸ್ವರವನ್ನು ಒಂದೇ ಬೆರಳಿನಿಂದ ಒತ್ತಿ ಹಿಡಿದರು. ನಾದ ಎದ್ದು, ಅಗಲವಾಗಿ, ತೆಳುವಾಗಿ, ನನ್ನ ಮರದೊಳಗೆ ಇಳಿದು ಹೋಗುವವರೆಗೂ ಬೆರಳು ತೆಗೆಯಲಿಲ್ಲ.

ಟೀಚರು ಸ್ವಲ್ಪ ಕಾದು ಕೇಳಿದಳು: "ಮುಂದೇನು ಬರುತ್ತೆ ಆಂಟಿ?"

"ಮುಂದೇನೂ ಇಲ್ಲಮ್ಮ" ಎಂದರು ಎಸ್ತರಮ್ಮ. "ಪಿಯಾನೋ ಕೇಳ್ತಾ ಇದ್ದೆ."