ಬಾಬಣ್ಣನ ಹಳದಿ ಕಣ್ಣು

ಇಳಕಲ್ಲಿನ ನೇಕಾರ ಬಾಬಣ್ಣನ ಕಣ್ಣು ಹಳದಿಯಾದಾಗ ಅವನು ದೂರಿದ್ದು ಸೀರೆಯನ್ನು. ಮಗ್ಗದ ಮೇಲೆ ಅರಿಶಿನ ಬಣ್ಣದ ಸೀರೆ ಏರಿತ್ತು. ದಿನವಿಡೀ ಅದನ್ನೇ ನೋಡಿದರೆ ಕಣ್ಣಿಗೆ ಬಣ್ಣ ಹತ್ತದೆ ಇನ್ನೇನು ಎಂದು ಹೆಂಡತಿ ಅಂಬವ್ವನಿಗೆ ಪಾಠ ಹೇಳಿದ. ಓಣಿಯ ನೇಕಾರರೂ ಹೌದೆಂದರು. ಒಬ್ಬನಂತೂ ತಾನು ಕೆಂಪು ಸೀರೆ ನೇಯುವಾಗ ಹೆಂಡತಿಯ ಮುಖ ವಾರಗಟ್ಟಲೆ ಕೆಂಪಗಿತ್ತು ಎಂದ. ಆ ಕೆಂಪಿಗೆ ಬೇರೆ ಕಾರಣವಿತ್ತೆಂಬುದು ಓಣಿಗೆಲ್ಲ ಗೊತ್ತಿತ್ತು.

ಅಂಬವ್ವ ವಾದಕ್ಕಿಳಿಯಲಿಲ್ಲ. ಆ ಸೀರೆ ಮುಗಿದ ಕೂಡಲೇ ಮಗ್ಗಕ್ಕೆ ಅಪ್ಪಟ ಕಪ್ಪು ನೂಲು ಏರಿಸಿದಳು. ಕಣ್ಣು ಇನ್ನಷ್ಟು ಹಳದಿಯಾಯಿತು, ಮೇಲೆ ಹೊಟ್ಟೆಯೂ ಉಬ್ಬಿತು. ಕಪ್ಪು ಹತ್ತಲು ತಡವಾಗುತ್ತದೆ, ಹೊಟ್ಟೆಯಂತೂ ಅತ್ತೆಮನೆಯ ಹೋಳಿಗೆಯ ಪುಣ್ಯ ಎಂದ ಬಾಬಣ್ಣ. ಗೆಳೆಯ ಮುತ್ತಪ್ಪನ ಜೊತೆ ಸಂಜೆಯ ಕುಡಿತ, ಮೈನೋವಿಗೆ ಸಂತೆಯಲ್ಲಿ ಕೊಂಡ ಪುಡಿ, ಎರಡೂ ಎಂದಿನಂತೆ ನಡೆದಿದ್ದವು. ಮುತ್ತಪ್ಪ ಎದುರು ನಿಂತು ಕರೆದರೆ ಬಾಬಣ್ಣನ ಬಾಯಲ್ಲಿ ‘ಒಲ್ಲೆ’ ಹುಟ್ಟುತ್ತಲೇ ಇರಲಿಲ್ಲ.

ಒಂದು ಮಧ್ಯಾಹ್ನ ಅಂಬವ್ವ ನೋಡುತ್ತಾಳೆ, ಗಂಡ ಬೀಡಿಯನ್ನು ಮಗ್ಗದ ಲಾಳಿಯೊಳಗೆ ಸಿಕ್ಕಿಸಿ, ಅಲ್ಲಿರಬೇಕಾದ ನೂಲು ಸುತ್ತಿದ ಕಂಡಿಕೆಯನ್ನು ತುಟಿಗಿಟ್ಟುಕೊಂಡು ಕಡ್ಡಿಪೆಟ್ಟಿಗೆ ಹುಡುಕುತ್ತಿದ್ದಾನೆ. ಅಂದು ಕುಡಿದೂ ಇರಲಿಲ್ಲ. ಅವಳನ್ನು ಕಂಡು ಬಲು ಮರ್ಯಾದೆಯಿಂದ ಕೇಳಿದ:

“ನೀವು ಯಾರ ಮನಿಯವರ್ರಿ?”

ಮದುವೆಯಾದಂದಿನಿಂದ ಅವಳಿಗೆ ಗಂಡನಿಂದ ಬಹುವಚನ ಸಿಕ್ಕಿದ್ದು ಅದೇ ಮೊದಲು.

ಅಂದೇ ಅಂಬವ್ವ ಅವನನ್ನು ಬಾಗಲಕೋಟೆಯ ನವನಗರದ ದವಾಖಾನೆಗೆ ಒಯ್ದಳು. ಡಾಕ್ಟರ್ ಗೌತಮಿ ಬಸ್ಸು ನಿಲ್ಲಿಸುವವರಂತೆ ಅಂಗೈ ಎತ್ತಿ ಹಿಡಿಯಲು ಹೇಳಿದರು. ಬಾಬಣ್ಣನ ಅಂಗೈಗಳು ಕೋಳಿಯ ರೆಕ್ಕೆಯಂತೆ ಬಡಿದವು.

“ಬಸ್ ನಿಂದ್ರವಲ್ದು ನೋಡ್ರಿ” ಎಂದ.

ಡಾಕ್ಟರ್ ನಗಲಿಲ್ಲ. ಲಿವರ್ ಸೋಲುತ್ತಿದೆ ಎಂದರು. ರಕ್ತದ ಕೊಳೆ ತೆಗೆಯುವುದು ಅದರ ಕೆಲಸ. ವರ್ಷಗಳ ಕುಡಿತಕ್ಕೆ ಅದು ಕಲ್ಲಾಗುತ್ತ ಬಂದಿತ್ತು, ಪುಡಿ ಮೇಲೊಂದು ಒದೆ ಕೊಟ್ಟಿತು. ಮೊದಲು ಕಣ್ಣಿಗೆ ಹಳದಿ ಬಂತು, ಆಮೇಲೆ ಹೊಟ್ಟೆಗೆ ನೀರು, ಈಗ ಕೊಳೆ ತಲೆಗೇ ಏರಿದೆ.

“ಮುಂದ ಹೆಂಗ್ರಿ?” ಎಂದಳು ಅಂಬವ್ವ.

“ಇನ್ನ ಒಂದ ಹನಿನೂ ಮುಟ್ಟಲಿಲ್ಲಂದ್ರ ಉಳದಷ್ಟು ಲಿವರ್ ಚೇತರಿಸ್ಕೋಬಹುದು. ಕುಡದ್ರ ಬ್ಯಾರೆಯವ್ರದು ಹಾಕಬೇಕಾಗ್ತದ. ಅದು ಸಿಗೋತನಕ ಇವ್ರು ಉಳೀಬೇಕಲ್ರಿ.”

ನೋಡಲು ಬಂದಿದ್ದ ಬಂಧುಗಳು, ಮುಂದೆ ಲಿವರಿನ ತುಂಡು ಕೊಡುವವರು ಬೇಕಾದೀತು ಎಂದು ಕೇಳಿದ್ದೇ ಚಹಾ ಅರ್ಧಕ್ಕೇ ಬಿಟ್ಟು ಹುನಗುಂದದ ಬಸ್ ಹಿಡಿದರು.

ಔಷಧದಿಂದ ಬಾಬಣ್ಣನ ತಲೆ ತಿಳಿಯಾಯಿತು, ಅಂಬವ್ವ ಮತ್ತೆ ಏಕವಚನಕ್ಕಿಳಿದಳು. ಮನೆಗೆ ಬಂದವಳೇ ಪುಡಿಯನ್ನು ತಿಪ್ಪೆಗೆಸೆದಳು. ಮುತ್ತಪ್ಪನನ್ನು ಎಸೆಯುವುದು ಹೇಗೆ?

ಒಂದು ಸಂಜೆ ಅವಳು ಗಿರಣಿಯಿಂದ ಹಿಟ್ಟಿನ ಡಬ್ಬಿ ಹೊತ್ತು ಬರುವಾಗ ಮುತ್ತಪ್ಪ ಮನೆಯ ಕದ ಬಡಿಯುತ್ತ ನಿಂತಿದ್ದ. ಲಿವರ್ ಸುಧಾರಿಸಿದ ಖುಷಿಗೆ ಒಂದಿಷ್ಟು ಹಾಕೋಣ ಬಾ ಎಂದು ಕೂಗುತ್ತಿದ್ದ. ಒಳಗಿದ್ದವನು ಬಾಬಣ್ಣ ಒಬ್ಬನೇ. ಆದರೆ ತೆಳ್ಳಗೆ, ಮೂಗಿನಿಂದ, ಥೇಟ್ ಅಂಬವ್ವನದೇ ರಾಗದಲ್ಲಿ ದನಿ ಬಂತು:

“ಅವ್ರು ಮನ್ಯಾಗಿಲ್ಲೋ ತಮ್ಮಾ. ಇನ್ನ ಸಂಜೀಕ ಎಂದೂ ಇರಂಗಿಲ್ಲ. ಹೋಗು.”

ಮುತ್ತಪ್ಪ ಕದ ನೋಡಿದ. ತಿರುಗಿ ಅಂಬವ್ವನನ್ನು ನೋಡಿದ.

“ಅಕ್ಕಾ, ನೀ ಇಲ್ಲಿ ಅದೀ. ಒಳಗ ಮಾತಾಡಾಕಿ ಯಾರ ಬೇ?”

“ನಾನ ಅದೀನಿ. ಹೇಳಿದ್ದು ಕೇಳಿಸಲಿಲ್ಲೇನು?”

ಅವನು ಓಣಿಯ ತಿರುವು ದಾಟುವತನಕ ಅಂಬವ್ವ ಡಬ್ಬಿ ಇಳಿಸದೆ ಅಲ್ಲೇ ನಿಂತಳು.